ಕನ್ನಡಿಯಿಲ್ಲದ ಕ್ಯಾಮೆರಾ ಬಂದ ಮಳೆಗಾಲ

ಹೋದ ವಾರ ವಾಡಿ ಸ್ಟೇಷನ್ನಿನಲ್ಲಿ ರೈಲಿಳಿದಾಗ ಮಳೆ ಆಗಷ್ಟೇ ನಿಂತಿತ್ತು. ಸಿಮೆಂಟಿನ ಧೂಳಿಗೆ ಮಳೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದು ಮಣ್ಣಿನ ವಾಸನೆಯಲ್ಲ, ಹೊಸದಾಗಿ ಗಿಲಾವು ಮಾಡಿದ ಗೋಡೆಗೆ ನೀರು ಹೊಡೆದಾಗಿನ ವಾಸನೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಸಾಕು, ಕೈ ತಾನಾಗಿ ಕೊರಳಿಗೆ ನೇತುಬಿದ್ದ ಕ್ಯಾಮೆರಾದ ಪಟ್ಟಿಗೆ ಹೋಗುತ್ತದೆ. ಮೂರು ವರ್ಷದ ಹಿಂದೆ ನಾನು ಕ್ಯಾಮೆರಾ ಕೊಂಡ ಮಳೆಗಾಲವೆಲ್ಲ ಇದೇ ವಾಸನೆಯಲ್ಲಿ ಕಳೆದಿತ್ತು. ಅಂಥ ಹುರುಪಿನ ಮೂರು ತಿಂಗಳು ನನ್ನ ಬಾಳಿನಲ್ಲಿ ಮತ್ತೆ ಬಂದಿಲ್ಲ. ಅಂಥ ಹೆದರಿಕೆಯ ಮೂರು ತಿಂಗಳೂ ಬಂದಿಲ್ಲ ಅನ್ನಿ.

ನಮ್ಮದು ಶಹಾಬಾದಿನಲ್ಲಿ ಒಂದೇ ಕೋಣೆಯ ಫೋಟೋ ಸ್ಟುಡಿಯೋ. ಅಪ್ಪ ನಲವತ್ತು ವರ್ಷ ನಡೆಸಿದ್ದ. ಊರಿಗೆಲ್ಲ ಅವನು ಫೋಟೋ ಮಾಸ್ತರ. ಶಹಾಬಾದ್, ವಾಡಿ, ಚಿತ್ತಾಪುರದ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಅಪ್ಪನ ಕೆಲಸ ಗುರುತು ಸಿಗುತ್ತದೆ. ಯಾಕೆಂದರೆ ಆ ಫೋಟೋಗಳಲ್ಲಿ ಯಾರೂ ಉಸಿರಾಡುತ್ತಿರುವುದಿಲ್ಲ. ರೋಲಿನ ಕಾಲದಲ್ಲಿ ಒಂದೊಂದು ಫೋಟೋಕ್ಕೂ ಬೆಲೆಯಿತ್ತು, ಒಬ್ಬರು ಅಲುಗಿದರೆ ಅದು ಹಾಳು. ಹಾಗಾಗಿ ಅಪ್ಪ ಒಂದು ಕ್ರಮ ಮಾಡಿಕೊಂಡಿದ್ದ. "ಎಲ್ಲಾರೂ ಇತ್ತ ನೋಡ್ರಿ. ಉಸರು ಹಿಡೀರಿ" ಅನ್ನುವುದು, ಖಟಾಕ್ ಅಂತ ಒತ್ತುವುದು, ಆಮೇಲೆ "ಆತು" ಅನ್ನುವುದು. 'ಆತು' ಅನ್ನುವ ತನಕ ಜನ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅಗಲ ಮಾಡಿಕೊಂಡು ನಿಂತಿರುತ್ತಿದ್ದರು. ರೋಲು ಹೋಗಿ ಡಿಜಿಟಲ್ ಬಂತು, ಅಪ್ಪ ಕ್ರಮ ಬಿಡಲಿಲ್ಲ. ಜನವೂ ಬಿಡಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅಪ್ಪ ಸ್ಕೂಟರಿನಿಂದ ಬಿದ್ದು ಬಲಭುಜಕ್ಕೆ ಪೆಟ್ಟು ಮಾಡಿಕೊಂಡ. ದೊಡ್ಡ ಕ್ಯಾಮೆರಾ, ಅದರ ತಲೆಯ ಮೇಲೊಂದು ಫ್ಲ್ಯಾಶು ಎತ್ತಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಪಾಸ್‌ಪೋರ್ಟ್ ಫೋಟೋದ ಗಿರಾಕಿಗಳನ್ನು ಮೊಬೈಲು ಆಗಲೇ ನುಂಗಿಹಾಕಿತ್ತು. ಮೊಬೈಲ್ ಕವರ್ ಮಾರುವವನೊಬ್ಬ ಬಂದು, ದಸರೆಯಿಂದ ಅಂಗಡಿ ನನಗೆ ಬಿಡ್ರಿ ಅಂದ. ಅಪ್ಪ ಆಗಲಿ ಅಂದುಬಿಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ.

ನಾನು ಆಗ ಚಿತ್ತಾಪುರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಂಜೆ ಬಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಿದ್ದೆ. ಮದುಮಕ್ಕಳ ಮುಖದ ಮೊಡವೆ ತೆಗೆಯುವುದರಲ್ಲಿ ನನ್ನ ಅರ್ಧ ವಯಸ್ಸು ಹೋಗಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಅಂಗಡಿ ಬಿಡುವ ಸುದ್ದಿ ಕೇಳಿದವಳೇ ಊಟದ ತಾಟು ಸರಿಸಿ, ಅಂಗಡಿ ನಾನು ನಡೆಸುತ್ತೇನೆ, ನನ್ನನ್ನೇನು ಮನೆಯ ಗೊಂಬೆ ಅಂತ ತಿಳಿದಿದ್ದೀಯಾ ಅಂತ ಕೂಗಾಡಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಯಾವ ಕ್ಯಾಮೆರಾದಿಂದ ನಡೆಸುತ್ತೀ ಅಂತಷ್ಟೇ ಕೇಳಿದ. ಹಗುರದ್ದು ತರುತ್ತೇನೆ, ಮಿರರ್‌ಲೆಸ್, ಒಳಗೆ ಕನ್ನಡಿ ಇರುವುದಿಲ್ಲ ಅಂದೆ.

"ಕನ್ನಡಿ ಇಲ್ಲಂದ್ರ ಕಣ್ಣಿಟ್ಟು ಏನ್ ನೋಡ್ತೀದಿ?" ಅಂದ ಅಪ್ಪ.

"ಒಳಗ ಸಣ್ಣ ಟಿವಿ ಇರ್ತದಪ್ಪ. ಫೋಟೋ ಹೆಂಗ ಬರ್ತದೋ ಮೊದಲೇ ಕಾಣ್ತದ."

"ಮೊದಲೇ ಕಂಡ್ರ ಹೊಡೀಯೋದ್ಯಾಕ?"

ಆದರೂ ಇಲ್ಲ ಅನ್ನಲಿಲ್ಲ. ಕೈ ತೊಳೆದುಕೊಂಡು ಬಂದು ಒಂದು ಕರಾರು ಹಾಕಿದ. ವಾಡಿಯ ಕೀಮ್ಯಾನ್ ಹಣಮಂತಪ್ಪ, ಅಂದರೆ ದಿನಾ ಹಳಿಗುಂಟ ನಡೆದು ಕೀಲು ಬಿಗಿ ಮಾಡುವವನು, ಆಗಸ್ಟ್ ಕೊನೆಯ ದಿನ ನಿವೃತ್ತನಾಗುವವನಿದ್ದ. ಅವನ ರೈಲ್ವೆ ಗ್ಯಾಂಗಿನ ಎಲ್ಲ ನಿವೃತ್ತಿಗಳ ಗ್ರೂಪ್ ಫೋಟೋವನ್ನೂ ಮೂವತ್ತು ವರ್ಷದಿಂದ ಅಪ್ಪನೇ ತೆಗೆಯುತ್ತ ಬಂದಿದ್ದ. ಈ ಸಲದ್ದು ನೀನು ತೆಗೆ ಅಂದ. ಜನ ಒಪ್ಪಿದರೆ ಅಂಗಡಿಯ ಚಾವಿ ನಿನಗೆ, ಒಪ್ಪದಿದ್ದರೆ ದಸರೆಗೆ ಕವರ್ ಮಾರುವವನಿಗೆ. ನಡುವೆ ಅಳುವುದು ಕರೆಯುವುದು ಇಲ್ಲ.

ಅವತ್ತಿನಿಂದ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಸೇಡಂ ಕಡೆಯ ನಮ್ಮ ಅವ್ವನ ತವರಿನಿಂದ ತೆಲುಗು ಅಷ್ಟಿಷ್ಟು ಬರುತ್ತಿತ್ತು, ಹಿಂದಿ ಬರುತ್ತಿತ್ತು. ಎರಡೂ ಭಾಷೆಯಲ್ಲಿ ಯಾರು ಯಾರೋ ಕ್ಯಾಮೆರಾ ಬಿಚ್ಚಿ ತೋರಿಸುವ ವಿಡಿಯೋಗಳನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ನೋಡಿದ್ದೇ ನೋಡಿದ್ದು. ಗಣಿತದ ಟೀಚರಲ್ಲವೇ, ನೋಟುಪುಸ್ತಕದಲ್ಲಿ ಗೆರೆ ಹಾಕಿ ಒಂದು ಕಡೆ ಬಾಡಿ, ಅಂದರೆ ಕ್ಯಾಮೆರಾದ ಡಬ್ಬಿ, ಒಂದು ಕಡೆ ಲೆನ್ಸು ಬರೆದೆ. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ, ಸೆಕೆಂಡ್ ಹ್ಯಾಂಡೇ ಗತಿ. ಇರುವ ದುಡ್ಡಿಗೆ ಬೆಳಕು ಹಿಡಿಯುವ ಸೆನ್ಸರು ದೊಡ್ಡದಿರುವ ಹಳೆ ಬಾಡಿಯೂ ಬರುತ್ತಿತ್ತು, ಸಣ್ಣ ಸೆನ್ಸರಿನ ಇತ್ತೀಚಿನ ಬಾಡಿಯೂ ಬರುತ್ತಿತ್ತು. ದೊಡ್ಡ ಸೆನ್ಸರು ಅಂದರೆ ಎಲ್ಲರ ಬಾಯಲ್ಲೂ ನೀರು. ಆದರೆ ಬಾಡಿ ಕೊಂಡ ಮೇಲೆ ಅದಕ್ಕೊಪ್ಪುವ ಲೆನ್ಸಿಗೆ ಹೊಲ ಮಾರಬೇಕಾಗುತ್ತಿತ್ತು, ನಮಗೆ ಹೊಲವೇ ಇಲ್ಲ. ಹಾಗಾಗಿ ಸಣ್ಣ ಸೆನ್ಸರಿನದೇ ಇರಲಿ ಅಂದುಕೊಂಡೆ. ಅಪ್ಪ ಒಂದೇ ಬುದ್ಧಿ ಹೇಳಿದ. ಡಬ್ಬಿ ಯಾವುದಾದರೂ ಇರಲಿ, ಗಾಜು ಚಲೋ ಇರಬೇಕು ಅಂದ. ಮೂರು ವಾರ ವಿಡಿಯೋ ನೋಡಿ ನಾನು ಕಲಿತದ್ದೂ ಅಷ್ಟೇ ಆಗಿತ್ತು. ನನಗೆ ಸ್ವಲ್ಪ ಸಿಟ್ಟೇ ಬಂತು.

ಇನ್ನು ಲೆನ್ಸಿನ ಮಾತು. ನಿಜ ಹೇಳಬೇಕೆಂದರೆ ನನ್ನ ಮನಸ್ಸೆಲ್ಲ ಇದ್ದದ್ದು ಉದ್ದನೆಯ ಝೂಮ್ ಲೆನ್ಸಿನ ಮೇಲೆ. ನಮ್ಮ ಕಡೆ ಮದುವೆ ಮನೆಯಲ್ಲಿ ಫೋಟೋಗ್ರಾಫರಿಗೆ ಮೊದಲು ಊಟ ಬಡಿಸಬೇಕೋ ಕೊನೆಗೆ ಬಡಿಸಬೇಕೋ ಅನ್ನುವುದನ್ನು ಅವನ ಲೆನ್ಸಿನ ಉದ್ದ ನೋಡಿ ಗೊತ್ತು ಮಾಡುತ್ತಾರೆ. ಹೆಣ್ಣುಮಗಳು, ಅದರಲ್ಲೂ ಐದಡಿ ದಾಟದವಳು, ಕೈಯಲ್ಲಿ ಮುಷ್ಟಿಯಷ್ಟು ಕ್ಯಾಮೆರಾ ಹಿಡಿದು ಹೋದರೆ ಯಾರು ಸರಿದು ಜಾಗ ಕೊಟ್ಟಾರು? ಪಕ್ಕದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಗೆಳತಿ ನಸ್ರೀನ್ ಮಾತ್ರ ಇದನ್ನು ಕೇಳಿ ನಕ್ಕಳು. ಹೆಂಗಸರ ಕಡೆಯ ಹಳದಿ, ಮೆಹಂದಿಗೆಲ್ಲ ಗಂಡಸು ಫೋಟೋಗ್ರಾಫರನ್ನು ಒಳಗೆ ಬಿಡುವುದಿಲ್ಲ, ಆ ಕೆಲಸವೆಲ್ಲ ನಿನಗೇ ಬರುತ್ತದೆ, ಆದರೆ ಆ ಕೋಣೆಗಳಲ್ಲಿ ನಿನ್ನ ಲೆನ್ಸ್ ಬಾಗಿಲಿನಿಂದ ಆಚೆಗೇ ಉಳಿಯುತ್ತದೆ ಅಂದಳು. ಬೆಳಕೂ ಇರುವುದಿಲ್ಲ, ಫ್ಲ್ಯಾಶ್ ಹೊಡೆದರೆ ಮುದುಕಿಯರು ಬೈಯುತ್ತಾರೆ ಅಂತಲೂ ಸೇರಿಸಿದಳು. ಆ ರಾತ್ರಿ ನೋಟುಪುಸ್ತಕದಲ್ಲಿ ಝೂಮಿನ ಲೆಕ್ಕ ಬರೆದಿದ್ದ ಪುಟ ಹರಿದೆ.

ಜುಲೈ ಮೊದಲ ಭಾನುವಾರ ಸೇಡಮಿನಿಂದ ಹೈದರಾಬಾದ್ ಬಸ್ಸು ಹಿಡಿದೆವು. ಅಪ್ಪ ತಾನೂ ಬರುತ್ತೇನೆಂದು ಹೊರಟ. ನನ್ನ ಚೀಲದಲ್ಲಿ ಒಂದು ದಾರದ ಉಂಡೆಯಿತ್ತು. ನಮ್ಮ ಸ್ಟುಡಿಯೋದಲ್ಲಿ ಪರದೆಯ ಮುಂದಿನ ಸ್ಟೂಲಿನಿಂದ ಹಿಂದಿನ ಗೋಡೆಯವರೆಗೆ ಅಳೆದು ಕತ್ತರಿಸಿದ ದಾರ. ಕ್ಯಾಮೆರಾ ಎಂಥದ್ದೇ ಬರಲಿ, ನಾನು ಹಿಂದೆ ಸರಿಯಬಹುದಾದದ್ದು ಅಷ್ಟೇ ತಾನೇ!

ಹಳೆ ಕ್ಯಾಮೆರಾ ಮಾರುವ ಆ ಅಂಗಡಿಯಲ್ಲಿ ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ದಾರದ ಒಂದು ತುದಿ ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದು ನಿಂತೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು, ನೋಡಲಿ ಬಿಡಿ. ಉದ್ದದ ಝೂಮ್ ಹಾಕಿದರೆ ಅಪ್ಪನ ಬರೀ ಮೀಸೆ ಕಂಡಿತು. ಎಲ್ಲರೂ ಹೊಗಳುತ್ತಿದ್ದ ಐವತ್ತು ಎಂಎಂ ಲೆನ್ಸಿನಲ್ಲಿ ತಲೆ, ಭುಜ ಸಿಕ್ಕವು, ಮಗ್ಗುಲಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಇನ್ನೂ ಅಗಲ ನೋಡುವ ಮೂವತ್ತೈದರದು ಹಾಕಿದೆ. ಅಪ್ಪ, ಸ್ಟೂಲು, ಹಿಂದಿನ ಕಪಾಟು ಎಲ್ಲ ಕಣ್ಣಿಗೆ ಸರಿಯಾಗಿ ಕೂತವು. ಬಾಯಿ ಅಗಲವಾಗಿ ತೆರೆಯುವ ಲೆನ್ಸು, ಅಂಗಡಿಯ ಮೂಲೆಯ ಮಂದ ಬೆಳಕಿನಲ್ಲೂ ಅಪ್ಪನ ಗಡ್ಡದ ಬಿಳಿ ಕೂದಲು ಒಂದೊಂದೂ ಕಂಡಿತು. ಇದೇ, ಇದೇ ನನಗೆ ಬೇಕಾದದ್ದು ಅಂತ ಗೊತ್ತಾಗಿಹೋಯಿತು.

ಅಪ್ಪ ಅಷ್ಟು ಬೇಗ ಬಿಡುವವನಲ್ಲ. ಲೆನ್ಸನ್ನು ಟಾರ್ಚಿಗೆ ಹಿಡಿದು ಒಳಗೆ ಬೂಷ್ಟು ಬಂದಿದೆಯೋ ನೋಡಿದ, ಮೂಸಿ ನೋಡಿದ, ಉಂಗುರ ತಿರುಗಿಸಿ ಮರಳು ಸಿಕ್ಕಿದೆಯೋ ಕಿವಿಗೊಟ್ಟು ಕೇಳಿದ. ಕೊನೆಗೆ ಕ್ಯಾಮೆರಾವನ್ನೇ ಕಿವಿಗೆ ಇಟ್ಟುಕೊಂಡು ಒತ್ತು ಅಂದ. ಒತ್ತಿದೆ. ಇನ್ನೊಮ್ಮೆ ಒತ್ತು ಅಂದ. ಒತ್ತಿದೆ. "ಇದು ಹೊಡದದೋ ಇಲ್ಲೋ?" ಅಂತ ಅಂಗಡಿಯವನನ್ನು ಕೇಳಿದ. ಇದು ಸದ್ದಿಲ್ಲದೆ ತೆಗೆಯುತ್ತದೆ, ಅದೇ ಇದರ ದೊಡ್ಡ ಗುಣ ಅಂತ ಅಂಗಡಿಯವನು ದಖನಿ ಉರ್ದುವಿನಲ್ಲಿ ಹೊಗಳಿದ. ಬೇಕಾದರೆ ಸದ್ದು ಬರುವಂತೆಯೂ ಮಾಡಬಹುದೆಂದು ತೋರಿಸಿದ, ಅದೂ ಉಗುರು ಕಡಿದಷ್ಟು ಸದ್ದು. ಅಪ್ಪನ ಮುಖ ಸಪ್ಪಗಾಯಿತು.

ಆಮೇಲೆ ಅವನು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಅದರಲ್ಲಿ ಅವನ ರೋಲ್ ಕ್ಯಾಮೆರಾದ ಹಳೆಯ ಲೆನ್ಸು. ಇದು ಇದಕ್ಕೆ ಕೂಡುತ್ತದೆಯೇ ಅಂತ ಸಂಕೋಚದಿಂದ ಕೇಳಿದ. ಅಂಗಡಿಯವನು ಒಂದು ಅಗ್ಗದ ಉಂಗುರ ಹುಡುಕಿ ತಂದು ನಡುವೆ ಹಾಕಿ ತಿರುಗಿಸಿದ, ಟಕ್ಕಂತ ಕೂತಿತು. ಅಪ್ಪ ಕಣ್ಣಿಟ್ಟು ಲೆನ್ಸ್ ತಿರುಗಿಸಿದ. ಸ್ಪಷ್ಟವಾದ ಜಾಗದ ಅಂಚೆಲ್ಲ ಒಳಗಿನ ಪರದೆಯಲ್ಲಿ ಕೆಂಪಾಗಿ ಮಿನುಗುತ್ತದೆ. ಅಪ್ಪ ನನ್ನ ಮುಖದ ಮೇಲೆ ಆ ಕೆಂಪು ಗೆರೆಯನ್ನು ಹಿಂದೆ ಮುಂದೆ ಓಡಾಡಿಸಿದ, ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ. "ನೋಡಿಲ್ಲಿ, ಮೂವತ್ತು ವರ್ಷದ ಗಾಜು. ಇನ್ನಾ ಜೀಂವ ಅದ" ಅಂದ. ಕ್ಯಾಮೆರಾ, ಮೂವತ್ತೈದರ ಲೆನ್ಸು ಕೊಂಡೆವು, ಎರಡನೆಯ ಲೆನ್ಸಿನ ಖರ್ಚು ಅಲ್ಲೇ ಉಳಿಯಿತು. ಮರಳುವಾಗ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಗಿಣಾ ಹೊಳೆಯ ಸೇತುವೆ ಬರುವಷ್ಟರಲ್ಲಿ ಮೂರು ಸಲ ಬಿಚ್ಚಿ ನೋಡಿದೆ.

ಮುಂದಿನ ಎರಡು ತಿಂಗಳು ನಾನು ಮನುಷ್ಯಳಾಗಿರಲಿಲ್ಲ. ರಜೆ ಸಿಕ್ಕರೆ ಸಾಕು, ಹೆಗಲಿಗೆ ಚೀಲ. ಸುಲೇಪೇಟೆಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಛತ್ರಿಯೊಳಗೆ ಸೀನುವುದು, ನಾಲವಾರದಲ್ಲಿ ಪ್ಯಾಸೆಂಜರ್ ರೈಲಿನ ಕಿಟಕಿಯಲ್ಲಿ ಸಾಲಾಗಿ ಕೈಗಳು, ಚಿಂಚೋಳಿ ಕಾಡಿನಲ್ಲಿ ತೊಯ್ದ ನವಿಲು. ನವಿಲಿಗೆ ಮೂವತ್ತೈದರ ಲೆನ್ಸು ಏನೂ ಸಾಲದು, ಫೋಟೋದಲ್ಲಿ ಅದು ಬೆಂಡೆಕಾಯಿಯಷ್ಟು ಬಂತು. ಉದ್ದದ ಝೂಮನ್ನು ನೆನೆದು ಅಲ್ಲೇ ಹೊಟ್ಟೆ ಉರಿಯಿತು. ಕ್ಯಾಮೆರಾ ಹಗುರ, ಕಾರ್ಡು ತುಂಬುವುದಿಲ್ಲ, ಸದ್ದಿಲ್ಲ, ನಾನು ಒತ್ತಿದ್ದೇ ಒತ್ತಿದ್ದು. ಸಂಜೆ ಅಪ್ಪನ ಮುಂದೆ ನೂರಾರು ಫೋಟೋ ಸುರಿಯುತ್ತಿದ್ದೆ. ಅವನು ಎಲ್ಲವನ್ನೂ ನೋಡಿ, ಇದರಲ್ಲಿ ನೀನು ಯಾವುದನ್ನು ತೆಗೆಯಬೇಕೆಂದಿದ್ದೆ ಅಂತ ಕೇಳುತ್ತಿದ್ದ. ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಜಗಳ ತೆಗೆಯುತ್ತಿದ್ದೆ.

ಆಗಸ್ಟ್ ಕೊನೆಯ ದಿನ ಬಂದೇ ಬಂತು. ಬೆಳಗ್ಗೆ ಒಂದು ಜಡಿ ಮಳೆ ಬಿದ್ದು ಬಿಟ್ಟಿತ್ತು, ವಾಡಿಯಲ್ಲಿ ಅದೇ ಸಿಮೆಂಟಿನ ವಾಸನೆ. ಹಳಿಯ ಪಕ್ಕದ ಬೇವಿನ ಮರದ ಕೆಳಗೆ ಮುಂದೆ ಕುರ್ಚಿ, ಹಿಂದೆ ಬೆಂಚು ಹಾಕಿ ಐವತ್ತು ಮಂದಿಯನ್ನು ನಿಲ್ಲಿಸಿದ್ದರು. ನಡುವೆ ಹೊಸ ಸಫಾರಿ ಹಾಕಿಕೊಂಡ ಹಣಮಂತಪ್ಪ, ಕೊರಳ ತುಂಬ ಹಾರ. ಪಕ್ಕದಲ್ಲಿ ಅವನ ಹೆಂಡತಿ ಲಕ್ಷ್ಮೀಬಾಯಿ. ಅಪ್ಪ ಜೊತೆಗೆ ಬಂದಿದ್ದ. ತನ್ನ ಲೆನ್ಸನ್ನು ಅವತ್ತಿನ ಮಟ್ಟಿಗೆ ನನ್ನಿಂದ ಮರಳಿ ಪಡೆದು, ರೋಲಿಲ್ಲದ ಹಳೆ ಕ್ಯಾಮೆರಾಕ್ಕೆ ಹಾಕಿ ಕೊರಳಿಗೆ ನೇತುಹಾಕಿಕೊಂಡಿದ್ದ. ಬರಿಗೊರಳಲ್ಲಿ ನಾಲ್ಕು ಮಂದಿಯ ನಡುವೆ ನಿಲ್ಲುವುದು ಅವನಿಗೆ ಆಗುತ್ತಿರಲಿಲ್ಲ.

ನಾನು ಸ್ಟೂಲು ಹತ್ತಿ ನಿಂತೆ. "ಎಲ್ಲಾರೂ ಇತ್ತ ನೋಡ್ರಿ" ಅಂದದ್ದೇ ತಡ, ಐವತ್ತು ಮಂದಿಯೂ ಉಸಿರು ಹಿಡಿದರು. ಹಿಡಿಯಿರಿ ಅಂತ ನಾನು ಹೇಳಿರಲೇ ಇಲ್ಲ. ಎಲ್ಲರ ಕೆನ್ನೆ ಉಬ್ಬಿದವು, ಕಣ್ಣು ಅಗಲವಾದವು. ನಗ್ರಿ ಅಂದೆ, ಯಾರೂ ತುಟಿ ಅಲುಗಿಸಲಿಲ್ಲ. ಹತ್ತು ತೆಗೆದೆ, ಹದಿನೈದು ತೆಗೆದೆ. ಒಬ್ಬನ ಮುಖ ಕೆಂಪಾಯಿತು. ಆಯಿತು, ಮುಗಿಯಿತು ಅಂದೆ. ಯಾರೂ ನಂಬಲಿಲ್ಲ. ಖಟಾಕ್ ಅನ್ನಲೇ ಇಲ್ಲವಲ್ಲ! ಕ್ಯಾಮೆರಾದ ಸದ್ದು ಹಾಕಿ ಮತ್ತೆ ಒತ್ತಿದೆ, ಅಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಬಂದು ಅದನ್ನೂ ನುಂಗಿತು.

"ಯವ್ವಾ ತಂಗಿ, ಯಾವಾಗ ಹೊಡೀತೀದಿ? ನಾ ನಿವೃತ್ತಿ ಆಗಿ ಸಾಯ್ತೀನೇನು ಇಲ್ಲೇ?" ಅಂದ ಹಣಮಂತಪ್ಪ, ತುಟಿ ಬಿಚ್ಚದೆಯೇ. ಹಿಂದಿನ ಸಾಲಿನಲ್ಲಿ ಯಾರೋ, ಹುಡುಗಿಯ ಕ್ಯಾಮೆರಾ ಆಟದ ಸಾಮಾನು ಇದ್ದಂಗದ, ಮಾಸ್ತರನ್ನೇ ಕರೀರಿ ಅಂದರು.

ಅಂಗಡಿ ಹೋಯಿತು ಅಂದುಕೊಂಡೆ. ಕೊನೆಗೆ ಒಂದಾದರೂ ನೆಟ್ಟಗೆ ಬರಲೆಂದು ಮತ್ತೆ ಕಣ್ಣಿಗೆ ಕ್ಯಾಮೆರಾ ಹಿಡಿದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು ನನ್ನ ಸ್ಟೂಲಿನ ಮಗ್ಗುಲಲ್ಲಿ ನಿಂತ. ಖಾಲಿ ಕ್ಯಾಮೆರಾವನ್ನು ಎಡಗೈಯಿಂದ ಎತ್ತಿ, "ಉಸರು ಹಿಡೀರಿ" ಅಂದ. ಖಟಾಕ್ ಅಂತು. "ಆತು" ಅಂದ.

ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು ಅಂತ ಮೈಯೆಲ್ಲ ಉರಿದುಹೋಯಿತು. ಕಣ್ಣು ಮಾತ್ರ ಇನ್ನೂ ಕ್ಯಾಮೆರಾದಲ್ಲೇ ಇತ್ತು. ಒಳಗಿನ ಪರದೆಯಲ್ಲಿ ಐವತ್ತು ಮಂದಿಯೂ ಒಟ್ಟಿಗೇ ಉಸಿರು ಬಿಟ್ಟರು. ಬಿಟ್ಟವರೇ ಒಬ್ಬರನ್ನೊಬ್ಬರು ನೋಡಿ ನಕ್ಕರು. ಹಿಂದಿನವನು ಹಣಮಂತಪ್ಪನ ಬೆನ್ನಿಗೊಂದು ಗುದ್ದಿದ, ಹಾರ ಒಂದು ಭುಜಕ್ಕೆ ಜಾರಿತು. ಹಣಮಂತಪ್ಪ ಮುಂದಕ್ಕೆ ಬಾಗಿ ಬಾಯಿ ತುಂಬ ನಗುತ್ತ ಹೆಂಡತಿಯ ಕೈ ಹಿಡಿದುಕೊಂಡ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಒತ್ತಿದೆ. ಸಿಟ್ಟಿನಲ್ಲೇ ಒತ್ತಿದೆ. ಆದರೆ ಆ ಎರಡು ತಿಂಗಳಲ್ಲಿ ಮೊದಲನೇ ಸಲ ಏನನ್ನು ತೆಗೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು.

ನೇರ ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಮೊದಲಿನವೆಲ್ಲ ಎಂದಿನಂತೆ ಉಸಿರು ಹಿಡಿದ ಮುಖಗಳೇ. ಕೊನೆಯದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ, ಕೂತೆ, ಮತ್ತೆ ಎದ್ದೆ. ನಸ್ರೀನಳನ್ನು ಕರೆದು ತೋರಿಸಿದೆ. ಆದರೆ ಹೆದರಿಕೆಯೂ ಆಯಿತು. ಮೂರು ಮಂದಿ ಆಚೆ ಈಚೆ ನೋಡುತ್ತಿದ್ದರು, ಒಬ್ಬನ ಟೋಪಿ ಗಾಳಿಯಲ್ಲಿತ್ತು. ನಿವೃತ್ತಿಯ ಫೋಟೋ ಅಂದರೆ ಗಂಭೀರವಾಗಿರಬೇಕು, ಇದನ್ನು ಗೋಡೆಗೆ ಯಾರು ಹಾಕಿಕೊಳ್ಳುತ್ತಾರೆ? ಅಪ್ಪ ಉಸಿರು ಹಿಡಿದದ್ದೊಂದು, ನಕ್ಕದ್ದೊಂದು ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸು ಅಂದ. ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಬಾಯಿ ಮುಚ್ಚಿಕೊಂಡು ನಿಲ್ಲು, ಹಾಗೆ ಹೀಗೆ ಅಂತ ಹೇಳಲು ಹೋಗಬೇಡ, ಅವರೇ ಆರಿಸಲಿ ಅಂದ. ನಾನು ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಕಷ್ಟ ಅಂತ ನನ್ನನ್ನು ಬಲ್ಲವರಿಗೆ ಗೊತ್ತು.

ನಾಲ್ಕನೆಯ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಹಣಮಂತಪ್ಪ ನೇರವಾಗಿ ಉಸಿರು ಹಿಡಿದ ಫೋಟೋ ಎತ್ತಿಕೊಂಡು, ಚಲೋ ಬಂದದ, ಎಲ್ಲಾರೂ ನೆಟ್ಟಗ ನಿಂತಾರ ಅಂದ. ಲಕ್ಷ್ಮೀಬಾಯಿ ಇನ್ನೊಂದನ್ನು ಕೈಗೆ ತೆಗೆದುಕೊಂಡಳು. ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಗಂಡನ ಕೈಯಿಂದ ಮೊದಲನೆಯದನ್ನು ಕಸಿದು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ಇದು ಬ್ಯಾಡ. ಇದು ನಿಮ್ಮ ಆಪೀಸಿನ ಮನಷ್ಯಾ" ಅಂದಳು. "ನಮ್ಮ ಮನ್ಯಾಗ ಇರೋವ್ರು ಇವ್ರು. ಇವ್ರ್ನ ಇಲ್ಲೀತನಾ ಯಾರೂ ಫೋಟೋದಾಗ ತಗದಿಲ್ಲ."

ಹಣಮಂತಪ್ಪ ತನ್ನನ್ನೇ ತಾನು ಬಗ್ಗಿ ನೋಡಿದ. ನಾ ಹಿಂಗ ನಗ್ತೀನೇನು ಅಂತ ಮೆಲ್ಲಗೆ ಕೇಳಿದ. ಹೆಂಡತಿ ಫ್ರೇಮ್ ಹಾಕಿಕೊಡು ಅಂತ ನನಗೆ ಹೇಳಿದಳು. ಮರುದಿನದಿಂದ ಗ್ಯಾಂಗಿನವರು ಒಬ್ಬೊಬ್ಬರೇ ಬರತೊಡಗಿದರು, ಎಲ್ಲರಿಗೂ ಅದೇ ಫೋಟೋ ಬೇಕು. ಟೋಪಿ ಹಾರಿಸಿಕೊಂಡವನು ಎರಡು ಪ್ರತಿ ಒಯ್ದ. ಮುಂದಿನ ತಿಂಗಳು ನಿವೃತ್ತನಾಗುವವನೊಬ್ಬ ಬಂದು, ನಮ್ಮದೂ ಹಿಂಗೇ ತಗೀಬೇಕು ಅಂದ.

ಅವತ್ತು ಸಂಜೆ ಗಿರಾಕಿಗಳು ಹೋದ ಮೇಲೆ ಅಪ್ಪ ಆ ಫೋಟೋವನ್ನು ಎದುರಿಗಿಟ್ಟುಕೊಂಡು ಕೂತ. ಬೇಕೆಂದೇ ಮಧ್ಯೆ ಬಂದು ಖಟಾಕ್ ಮಾಡಿದೆಯಾ ಅಂತ ಕೇಳಿದೆ. ಅವನು ಫೋಟೋದಲ್ಲಿ ನಗುತ್ತಿದ್ದವರ ಮುಖದ ಮೇಲೆ ಒಂದೊಂದಾಗಿ ಬೆರಳಾಡಿಸಿದ.

"ಆತು ಅಂದಕೂಡ್ಲೇ ನಾ ತಲಿ ತಗ್ಗಿಸಿ ರೋಲ್ ತಿರುವ್ತಿದ್ದೆ, ಡಿಜಿಟಲ್ ಬಂದ ಮ್ಯಾಲ ಹಿಂದಿನ ಪರದಿ ನೋಡ್ತಿದ್ದೆ" ಅಂದ. "ನಲವತ್ತು ವರ್ಷ. ಇವ್ರು ನಗೋದು ನಾ ನೋಡೇ ಇಲ್ಲ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಪ್ಪ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದು, ಕವರ್ ಮಾರುವವನಿಗೆ ಫೋನ್ ಹಚ್ಚಿದ. ಅಂಗಡಿ ಖಾಲಿ ಆಗುವುದಿಲ್ಲ, ಬೇರೆ ಕಡೆ ನೋಡಿಕೋ ಅಂದ. ಆ ಕಡೆಯವನು, ಮಗಳ ಹಟಕ್ಕೆ ಸೋತಿರಬೇಕು ಮಾಸ್ತರು ಅಂದದ್ದು ನನಗೂ ಕೇಳಿಸಿತು.

"ಮಗಳ ಹಟ ಅಲ್ಲೋ ತಮ್ಮಾ" ಅಂದ ಅಪ್ಪ. "ಚಲೋ ಫೋಟೋಗ್ರಾಫರ್ ಸಿಕ್ಕಾಳ."